ಹೊತ್ತು ಮುಳುಗುವ ಮುಂಚಿನ ಇಂಗ್ಲಿಷು

ನನಗೆ ಇಂಗ್ಲಿಷಿನ ಭೂತಕಾಲ ಅರ್ಥವಾದದ್ದು ಒಬ್ಬ ಅಜ್ಜಿಯ ಹಸಿವಿನಿಂದ. ಈಗ ಹೀಗೆ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಆಗ ಗೊತ್ತಿರಲಿಲ್ಲ. ಅರವತ್ತರ ದಶಕದ ನಡುವಿನ ಒಂದು ವರ್ಷ, ಮಳೆ ಹಿಂದೆ ಸರಿಯುತ್ತಿದ್ದ ದಿನಗಳು. ರಿಪ್ಪನ್‌ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಜೈನರ ಮನೆ. ಆ ಮನೆಯ ಅಜ್ಜಿ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದರು. ಅದೂ ಹೊರಗಿನವರು ಯಾರಾದರೂ ಒಬ್ಬರು ಅವರ ಕೈಯಲ್ಲಿ ಬಡಿಸಿಕೊಂಡು ಉಂಡ ಮೇಲೆ, ಅದೂ ಹೊತ್ತು ಮುಳುಗುವುದರೊಳಗೆ. ಯಾರೂ ಉಣ್ಣದಿದ್ದರೆ ಅವರಿಗೂ ಇಲ್ಲ. ಹೆಚ್ಚಿನ ದಿನ ಆ ಮನೆಗೆ ಬರುತ್ತಿದ್ದ ಹೊರಗಿನವಳು ನಾನೊಬ್ಬಳೇ. ‘ಊಟ ಆಯ್ತಾ?’ ಎಂದು ಅವರು ಕೇಳುತ್ತಿದ್ದರು. ‘ಆಯ್ತು’ ಎನ್ನುತ್ತಿದ್ದೆ. ಸುಳ್ಳಲ್ಲ, ನನ್ನ ಊಟ ಆಗಿರುತ್ತಿತ್ತು. ಅಷ್ಟಕ್ಕೇ ಅವರ ಆ ದಿನದ ಅನ್ನ ತಪ್ಪುತ್ತಿತ್ತು.

ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯಬೇಕೆಂದಿದ್ದೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಂಗ್ಲಿಷ್ ಒಂದರಲ್ಲಿ ಫೇಲಾಗಿದ್ದೆ. ಮಳೆಗಾಲ ಕಳೆದ ಮೇಲೆ ಸಾಗರದಲ್ಲಿ ಮತ್ತೆ ಆ ಒಂದು ಪೇಪರಿಗೆ ಕೂರಬೇಕಿತ್ತು. ನಮ್ಮ ಮನೆ ತುಮರಿಯ ಕಡೆ, ಹಿನ್ನೀರಿನ ಆಚೆ. ಅಲ್ಲಿ ಇಂಗ್ಲಿಷ್ ಹೇಳಿಕೊಡುವವರು ಯಾರೂ ಇರಲಿಲ್ಲ. ನನ್ನ ಅಕ್ಕನನ್ನು ರಿಪ್ಪನ್‌ಪೇಟೆಗೆ ಕೊಟ್ಟಿತ್ತು. ಭಾವ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದರು. ಅವರು ಕೋಟು ಹೊಲಿದುಕೊಡುತ್ತಿದ್ದ ಒಬ್ಬ ಮೇಷ್ಟ್ರು ತೀರ್ಥಹಳ್ಳಿಯ ಶಾಲೆಯಲ್ಲಿ ಬಹಳ ಕಾಲ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ ಊರಿಗೆ ಬಂದಿದ್ದರು. ‘ಕಳಿಸು, ನೋಡೋಣ’ ಎಂದರಂತೆ.

ಲಾಂಚ್ ಹತ್ತಿಸಲು ಬಂದ ಅವ್ವ ದಡದಲ್ಲಿ ನಿಂತು ನನ್ನ ಸೆರಗು ಸರಿಮಾಡಿದಳು. ಹೇಳಿದ್ದು ಒಂದೇ ಮಾತು.

‘ನಿಮ್ಮಪ್ಪ ಗೇಣಿ ಭತ್ತ ಹೊತ್ಕೊಂಡು ಹೋದಾಗೆಲ್ಲ ಒಡೇರ ಮನೆ ಜಗಲಿ ಕೆಳಗೆ ಕೂತು ಉಂಡ್ರು. ನೀ ಹಂಗೆ ಉಣ್ಬೇಡ. ಕಲಿಯೋಕೆ ಹೋಗಿದೀಯ, ಕಲ್ಕೊಂಡು ಬಾ.’

ಅಪ್ಪನ ಒಡೆಯರು ಬೇರೆಯವರು, ಈ ಮೇಷ್ಟ್ರು ಬೇರೆ. ಆದರೆ ಅವ್ವನ ಕಣ್ಣಿಗೆ ದೊಡ್ಡ ಜಗಲಿಯ ಮನೆಗಳೆಲ್ಲ ಒಂದೇ. ಲಾಂಚ್ ಹೊರಟಿತು. ನೀರು ಮುಳುಗಿಸಿದ ಮರಗಳ ತುದಿಗಳು ಎರಡೂ ಕಡೆ ಹಿಂದಕ್ಕೆ ಹೋಗುತ್ತಿದ್ದವು. ಅವ್ವ ಚಿಕ್ಕದಾಗುತ್ತ ದಡದ ಬಣ್ಣವೇ ಆಗಿಹೋದಳು. ಅವಳ ಮಾತು ಮಾತ್ರ ಚಿಕ್ಕದಾಗಲಿಲ್ಲ.

ಹೀಗಾಗಿ ಅಕ್ಕ ದಿನವೂ ನನಗೆ ಹೊಟ್ಟೆ ತುಂಬ ಬಡಿಸಿ, ಆಮೇಲೆಯೇ ಮೇಷ್ಟ್ರ ಮನೆಗೆ ಕಳಿಸುತ್ತಿದ್ದಳು. ‘ಇನ್ನೊಂದು ಸೌಟು ಹಾಕ್ಕೋ. ಆ ಮೇಷ್ಟ್ರು ಏನು ಕಲಿಸ್ತಾರೆ ಅಂದೆ, ಭೂತವಾ? ಭೂತ ಬಿಡಿಸೋಕೆ ಹೊಟ್ಟೇಲಿ ಕಸುವು ಬೇಕಾಗ್ತದೆ’ ಎಂದು ನಗುತ್ತಿದ್ದಳು.

ಮೇಷ್ಟ್ರ ಮನೆ ಗದ್ದೆಗಳ ನಡುವೆ ಒಂಟಿಯಾಗಿತ್ತು. ಬೇಲಿಬಾಗಿಲಾದ ದಣಪೆಯ ಅಡ್ಡಗಳನ್ನು ಸರಿಸಿ ಒಳಗೆ ಹೋದರೆ ಅಂಗಳ, ಅಂಗಳದ ಅಂಚಿಗೆ ಹುಲ್ಲಿನ ಬಣವೆ, ಎದುರಿಗೆ ಜಗಲಿ. ಮೇಷ್ಟ್ರು ಕಂಬಕ್ಕೆ ಒರಗಿ ಕೂತಿರುತ್ತಿದ್ದರು. ನನಗೆ ಜಗಲಿಯ ಮೇಲೆಯೇ ಒಂದು ಚಾಪೆ. ಮಧ್ಯಾಹ್ನದ ಆ ಹೊತ್ತಿನಲ್ಲಿ ಎಲ್ಲವೂ ನಿದ್ದೆಯಲ್ಲಿ ನಡೆಯುತ್ತಿರುವ ಹಾಗೆ ಇರುತ್ತಿತ್ತು. ಮನೆಯ ನೆರಳು ಅಂಗಳದ ಮೇಲೆ ಮೆಲ್ಲಗೆ ಉದ್ದವಾಗುತ್ತ ಹೋಗುತ್ತಿತ್ತು. ಒಳಗಿನಿಂದ ಒಂದು ಗುನುಗು ಬರುತ್ತಿತ್ತು. ಮೇಷ್ಟ್ರ ಅಕ್ಕ ಜಪ ಮಾಡುತ್ತಿದ್ದದ್ದು. ಮದುವೆಯಾಗಿ, ಬೇಗ ಗಂಡ ಹೋಗಿ, ತವರಿಗೆ ಬಂದವರು ಅಲ್ಲೇ ಮುದುಕಿಯಾಗಿದ್ದರು. ನಾನು ‘ಅಜ್ಜಿ’ ಎನ್ನುತ್ತಿದ್ದೆ.

ಮೊದಲ ದಿನ ಮೇಷ್ಟ್ರು ‘ನಿನ್ನೆ ಏನು ಮಾಡಿದೆ, ಇಂಗ್ಲಿಷಿನಲ್ಲಿ ಹೇಳು’ ಎಂದರು. ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಸಾಗರ’ ಎಂದೆ.

‘ಹೋಗಿ?’

‘ಹೋಗಿ ಬಂದೆ ಸರ್.’

‘ಅದು ನೀನು ಹೇಳಲಿಲ್ಲವಲ್ಲ.’ ಅವರು ನಗಲಿಲ್ಲ. ‘ನಾವು “ಸಾಗರಕ್ಕೆ ಹೋಗಿದ್ದೆ” ಅಂದ್ರೆ ಹೋಗಿ ಬಂದದ್ದೂ ಅದರಲ್ಲೇ ಸೇರಿತು. ಇಂಗ್ಲಿಷಿನವನಿಗೆ ಹಾಗಲ್ಲ. ಹ್ಯಾಡ್ ಗಾನ್ ಅಂದೆ ಅಂದ್ರೆ ಅವನು ಕಾಯ್ತಾ ಕೂರ್ತಾನೆ. ಹೋಗಿದ್ದಳು, ಆಮೇಲೆ ಏನಾಯಿತು? ನೀನು ಏನೂ ಹೇಳದೆ ಎದ್ದು ಹೋದರೆ ಪಾಪ, ಅವನು ಇನ್ನೂ ಕಾಯ್ತಾನೇ ಇರ್ತಾನೆ.’

ನನ್ನ ಹಳೆಯ ಉತ್ತರ ಪತ್ರಿಕೆಯ ತುಂಬ ‘ಹ್ಯಾಡ್’ ಇತ್ತು. ಎಷ್ಟು ಜನ ಇಂಗ್ಲಿಷಿನವರನ್ನು ಕಾಯಿಸಿದ್ದೆನೋ ಎಂದುಕೊಂಡೆ.

ಅವರು ಕಲಿಸಿದ ರೀತಿಯಲ್ಲಿ ಬೇರೆ ಯಾರೂ ಕಲಿಸಿದ್ದನ್ನು ನಾನು ಕಾಣೆ. ಕಲಿಸಲು ಅವರಿಗೆ ಆ ಮನೆಯೇ ಸಾಕಾಗಿತ್ತು.

‘ಇದು ಜಗಲಿ’ ಎಂದು ನೆಲ ತಟ್ಟಿದರು. ‘ಇಲ್ಲಿ ಕೂತರೆ ಅಂಗಳ ಕಾಣುತ್ತೆ, ಅಂದ್ರೆ ಇವತ್ತು ಕಾಣುತ್ತೆ. ಕೆಲಸ ಮುಗಿದಿದೆ, ಆದರೆ ಇವತ್ತಿಗೂ ಅದಕ್ಕೂ ಸಂಬಂಧ ಕಡಿದಿಲ್ಲ. ಅಂಥ ಮಾತು ಜಗಲಿ ಮೇಲಿರುತ್ತೆ. ಐ ಹ್ಯಾವ್ ಕಮ್. ಬಂದಿದೀನಿ, ನೋಡಿ, ಇಲ್ಲೇ ಇದೀನಿ.’

ಆಮೇಲೆ ಬಾಗಿಲಿನ ಕಡೆ ಬೆರಳು ತೋರಿಸಿದರು. ‘ಅದು ನಡುಮನೆ. ನಿನ್ನೆ, ಹೋದ ವರ್ಷ, ಆಗ, ಇಂಥ ಒಂದು ಮಾತು ಬಾಯಿಗೆ ಬಂತೋ, ನೀನು ಹೊಸಿಲು ದಾಟಿ ಒಳಗೆ ಹೋದೆ. ಐ ಕೇಮ್ ಯೆಸ್ಟರ್ಡೇ. ಅಲ್ಲಿಂದ ಅಂಗಳ ಕಾಣೋದಿಲ್ಲ. ಮುಗಿದದ್ದು ಮುಗೀತು.’

‘ಅದರಾಚೆ ಸರ್?’

‘ಅದರಾಚೆ ದೇವರ ಕೋಣೆ. ಅದಕ್ಕೆ ಹೊರಗಿನಿಂದ ಬಾಗಿಲಿಲ್ಲ. ನಡುಮನೆಗೆ ಹೋಗಿ ನಿಂತು, ಅಲ್ಲಿಂದ ಇನ್ನೂ ಹಿಂದಕ್ಕೆ ನೋಡಬೇಕು. ವೆನ್ ಐ ಕೇಮ್, ದಿ ಬಸ್ ಹ್ಯಾಡ್ ಗಾನ್. ನಾನು ಬಂದದ್ದೇ ಹಿಂದಿನ ಮಾತು. ಬಸ್ಸು ಹೋದದ್ದು ಅದಕ್ಕಿಂತ ಹಿಂದಿನದು. ಹ್ಯಾಡ್ ಅನ್ನೋದು ಒಳಕೋಣೆ, ಒಬ್ಬಳೇ ನೇರ ನುಗ್ಗಬಾರದು.’

ಕಾಲಗಳನ್ನು ನಾನು ಆ ಕ್ಷಣದಲ್ಲೇ ಕಂಡೆ. ಪುಸ್ತಕದಲ್ಲಿ ಅವು ಬರಿಯ ಕೋಷ್ಟಕ. ಇಲ್ಲಿ ಒಂದರ ಹಿಂದೆ ಒಂದು ಬಾಗಿಲು, ಹಿಂದೆ ಹೋದಷ್ಟೂ ಮಬ್ಬು. ಅಂಥ ಮನೆಯ ನಡುಮನೆಗೆ ನಾನು ಎಂದೂ ಹೋಗಿರಲಿಲ್ಲ. ನಮ್ಮವರು ಯಾರೂ ಹೋಗಿರಲಿಲ್ಲ. ಜಗಲಿಯಿಂದ ನೋಡಿದರೆ ಆ ಕತ್ತಲಲ್ಲಿ ಒಂದು ಹಿತ್ತಾಳೆಯ ಹೊಳಪು ಮಾತ್ರ ಕಾಣುತ್ತಿತ್ತು. ತಂಬಿಗೆಯೋ ದೀಪದ ಕಂಬವೋ ಗೊತ್ತಾಗುತ್ತಿರಲಿಲ್ಲ. ಅಕ್ಕನ ಮನೆಯಲ್ಲಿ ಮಲಗಿದಾಗ ಕನಸು ಬೀಳುತ್ತಿತ್ತು: ನಾನು ಒಂದು ಮನೆಯೊಳಗೆ ಹೋಗುತ್ತಿದ್ದೇನೆ, ಕೋಣೆಯ ಹಿಂದೆ ಕೋಣೆ, ಕೊನೆಯ ಕೋಣೆಯಲ್ಲಿ ಅಪ್ಪ ಭತ್ತದ ಚೀಲ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಅಪ್ಪ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು.

ಅಜ್ಜಿಯ ಗುನುಗನ್ನೂ ಮೇಷ್ಟ್ರು ಬಿಡಲಿಲ್ಲ. ‘ನೀನು ದಣಪೆ ದಾಟುವಾಗ ಅದು ಕೇಳ್ತಾ ಇತ್ತಲ್ಲ. ಯಾವಾಗ ಶುರುವಾಯಿತೋ ನಿನಗೆ ಗೊತ್ತಿಲ್ಲ, ಯಾವಾಗ ಮುಗಿಯುತ್ತೋ ಗೊತ್ತಿಲ್ಲ. ನೀನು ದಾಟಿದ ಹೊತ್ತಿಗೆ ನಡೀತಾ ಇತ್ತು, ಅಷ್ಟೇ. ಶೀ ವಾಸ್ ಪ್ರೇಯಿಂಗ್ ವೆನ್ ಐ ಕೇಮ್.’

ಗುನುಗು ನಿಂತ ಸ್ವಲ್ಪ ಹೊತ್ತಿಗೆ ಅಜ್ಜಿ ಹೊಸಿಲಿಗೆ ಬರುತ್ತಿದ್ದರು. ಬಿಳಿ ಸೀರೆ, ಸಣ್ಣ ದೇಹ. ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲುತ್ತಿದ್ದರು.

‘ಊಟ ಆಯ್ತಾ ಮಗಾ?’

‘ಆಯ್ತು ಅಜ್ಜಿ.’

ಎರಡನೆಯ ಸಲ ಕೇಳುತ್ತಿರಲಿಲ್ಲ. ನಮ್ಮ ಕಡೆ ಹಾಗಲ್ಲ, ‘ಆಯ್ತು’ ಎಂದರೂ ಎಳೆದು ಕೂರಿಸುತ್ತಾರೆ, ‘ಒಂದು ತುತ್ತಾದರೂ’ ಎನ್ನುತ್ತಾರೆ. ಇವರು ಒಮ್ಮೆ ಕೇಳಿ, ತಲೆಯಾಡಿಸಿ, ಒಳಗೆ ಹೋಗಿಬಿಡುತ್ತಿದ್ದರು. ದೊಡ್ಡ ಮನೆಯವರ ಬಾಯಿಮಾತು ಎಂದುಕೊಂಡಿದ್ದೆ.

ಅವರು ಒಳಗೆ ಹೋದ ಮೇಲೆ ಮೇಷ್ಟ್ರು ನನ್ನ ಕಡೆ ತಿರುಗುತ್ತಿದ್ದರು. ಆಮೇಲೆ ಉದಾಹರಣೆಗೆಂದು ಒಂದು ವಾಕ್ಯ ಹೇಳುತ್ತಿದ್ದರು. ಎಲ್ಲ ಉದಾಹರಣೆಗಳೂ ಊಟದವೇ.

‘ಶೀ ಹ್ಯಾಸ್ ನಾಟ್ ಈಟನ್ ಟುಡೇ.’

‘ಇವತ್ತು ಅವಳು ಉಂಡಿಲ್ಲ’ ಎನ್ನುತ್ತಿದ್ದೆ ನಾನು.

‘ಇದು ಎಲ್ಲಿದೆ?’

‘ಜಗಲಿ ಮೇಲೆ ಸರ್.’

‘ಯಾಕೆ?’

‘ಇವತ್ತು ಇನ್ನೂ ಮುಗಿದಿಲ್ಲ. ಇನ್ನೂ ಉಣ್ಣಬಹುದು.’

‘ಹೂಂ. ಇನ್ನೂ ಉಣ್ಣಬಹುದು’ ಎಂದು ಬಣವೆಯ ಕಡೆ ನೋಡುತ್ತಿದ್ದರು. ಮನೆಯ ನೆರಳು ಅಂಗಳ ದಾಟಿ ಬಣವೆಯನ್ನು ಹತ್ತುತ್ತಿತ್ತು. ತುದಿಯಲ್ಲಿ ಒಂದು ಹಿಡಿ ಬಿಸಿಲು ಉಳಿದಿರುತ್ತಿತ್ತು, ಕಾಯಿಸಿದ ತುಪ್ಪದ ಬಣ್ಣ. ಅದು ಆರಿದ ಮೇಲೆ ಮೇಷ್ಟ್ರು ವಾಕ್ಯ ಬದಲಿಸುತ್ತಿದ್ದರು.

‘ಶೀ ಡಿಡ್ ನಾಟ್ ಈಟ್ ಟುಡೇ.’

ಮೊದಲ ಸಲ ನಾನು ತಡೆದೆ. ‘ಇವತ್ತು ಇನ್ನೂ ಇದೆಯಲ್ಲ ಸರ್. ದೀಪ ಹಚ್ಚೋ ಹೊತ್ತಾಯ್ತು, ಅಷ್ಟೇ.’

‘ಈ ಮನೇಲಿ ಹೊತ್ತು ಮುಳುಗಿದರೆ ಊಟದ ಮಟ್ಟಿಗೆ ದಿನ ಮುಗೀತು. ಬಾಗಿಲು ಮುಚ್ಚಿತು. ಡಿಡ್ ನಾಟ್.’

ಜೈನರು ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ನನಗೂ ಗೊತ್ತಿತ್ತು. ಒಳ್ಳೆಯ ಉದಾಹರಣೆ ಎಂದುಕೊಂಡೆ. ಇಡೀ ಭೂತಕಾಲಕ್ಕೆ ಒಂದು ಬಣವೆಯ ತುದಿ ಸಾಕಾಗುತ್ತದಲ್ಲ ಎಂದು ಬೆರಗಾಯಿತು. ಕತ್ತಲಾಗುವುದರೊಳಗೆ ಪೇಟೆ ಸೇರಲು ಗದ್ದೆಯ ಅಂಚಿನಲ್ಲಿ ಓಡುತ್ತ, ಹ್ಯಾಸ್ ನಾಟ್, ಡಿಡ್ ನಾಟ್, ಹ್ಯಾಸ್ ನಾಟ್, ಡಿಡ್ ನಾಟ್ ಎಂದು ಹೆಜ್ಜೆಗೊಂದು ಹೇಳಿಕೊಳ್ಳುತ್ತಿದ್ದೆ. ನೀರು ತುಂಬಿದ ಗದ್ದೆಯಲ್ಲಿ ಆಕಾಶ ಬಿದ್ದಿರುತ್ತಿತ್ತು. ಆ ‘ಶೀ’ ಯಾರು ಎಂದು ನಾನು ಯೋಚಿಸಲಿಲ್ಲ. ವ್ಯಾಕರಣದ ‘ಶೀ’ಗೆ ಮುಖ ಇರುತ್ತದೆಂದು ಯಾರು ತಾನೆ ಯೋಚಿಸುತ್ತಾರೆ?

ಒಂದು ದಿನ ದಣಪೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಕೊಡೆ ಮರೆತದ್ದು ನೆನಪಾಗಿ ತಿರುಗಿ ಬಂದೆ. ಜಗಲಿಯಲ್ಲಿ ಮೇಷ್ಟ್ರು ಇರಲಿಲ್ಲ. ಕೊಡೆಯನ್ನು ಕೊಟ್ಟಿಗೆಯ ಗೋಡೆಗೆ ಆನಿಸಿಟ್ಟಿದ್ದೆ, ಅಲ್ಲಿಗೆ ಹೋದೆ. ನಾನು ಕಂಡದ್ದು ಇಷ್ಟು. ಅಜ್ಜಿ ಕರುವಿನ ಬಾನಿಯ ಹತ್ತಿರ ಕೂತಿದ್ದರು. ಪಕ್ಕದಲ್ಲಿ ಮುಚ್ಚಳ ತೆಗೆದ ಅನ್ನದ ಪಾತ್ರೆ. ಒಳಗೆ ಅನ್ನ ಬೇಯಿಸಿದ ಹಾಗೇ ಇತ್ತು, ಸೌಟು ತಾಗಿದ ಗುರುತಿರಲಿಲ್ಲ. ಅದನ್ನು ಕೈಯಿಂದ ಬಾನಿಗೆ ಹಾಕುತ್ತಿದ್ದರು. ಕೈ ನಡುಗುತ್ತಿತ್ತು. ಒಂದು ಹಿಡಿ ಹಾಕುವುದು, ಬಾನಿಯ ಅಂಚು ಹಿಡಿದು ಕಣ್ಣು ಮುಚ್ಚುವುದು, ಮತ್ತೆ ಒಂದು ಹಿಡಿ. ಏಳಲು ಹೋಗಿ ಏಳಲಾರದೆ ಹಾಗೇ ಕೂತರು. ಕರು ಅವರ ಮೊಣಕೈ ನೆಕ್ಕಿತು. ಅದಕ್ಕೆ ಅವರು ಏನೋ ಹೇಳಿ ನಕ್ಕರು. ಏನು ಹೇಳಿದರೆಂದು ಕೇಳಿಸಲಿಲ್ಲ.

ಕೊಡೆ ತೆಗೆದುಕೊಂಡು ಸದ್ದಾಗದಂತೆ ಹಿಂದೆ ಸರಿದೆ.

ಜಗಲಿಗೆ ಬಂದಾಗ ಮೇಷ್ಟ್ರು ಕಂಬದ ಹತ್ತಿರ ನಿಂತಿದ್ದರು. ನನ್ನ ಮುಖ ನೋಡಿದರು. ಬಾಯಿಯ ಮೇಲೆ ಬೆರಳಿಟ್ಟು, ಒಳಗೆ ನೋಡಿ, ತಲೆಯಾಡಿಸಿದರು. ಅಜ್ಜಿಗೆ ಕೇಳುವಂತೆ ಮಾತಾಡಬಾರದು ಎಂದು ಅರ್ಥವಾಯಿತು. ಆಗ ನನ್ನ ಬಾಯಲ್ಲಿ, ಯಾರೂ ಕೇಳದೆ, ಪರೀಕ್ಷೆಗಲ್ಲದೆ, ಜೀವನದಲ್ಲಿ ಮೊದಲ ಸಲ ಇಂಗ್ಲಿಷ್ ಬಂತು.

‘ಸರ್, ಹ್ಯಾಸ್ ಶೀ ಈಟನ್?’

ಮೇಷ್ಟ್ರು ಬಣವೆಯ ಕಡೆ ನೋಡಿದರು. ತುದಿ ಆರಿತ್ತು. ‘ನೋ. ಶೀ ಡಿಡ್ ನಾಟ್ ಈಟ್.’

‘ಯೆಸ್ಟರ್ಡೇ?’

‘ನೋ.’

‘ವೈ ಸರ್?’

ಅವರು ಪದ ಪದ ಬಿಡಿಸಿ ಹೇಳಿದರು. ‘ವೆನ್ ಯು ಕೇಮ್, ಯು ಹ್ಯಾಡ್ ಈಟನ್.’

ಒಳಗಿನಿಂದ ಅಜ್ಜಿಯ ದನಿ ಬಂತು. ‘ಇನ್ನೂ ಪಾಠ ಮುಗೀಲಿಲ್ವಾ ನಿಮ್ಮದು? ಆ ಹೆಣ್ಣು ಕತ್ತಲಲ್ಲಿ ಹೋಗ್ಬೇಕು ಮಾರಾಯ.’

‘ಮುಗೀತಾ ಬಂತು ಅಕ್ಕ. ಒಂದು ಸಣ್ಣ ಅನುಮಾನ ಇತ್ತಂತೆ.’

ಆಮೇಲೆ ಅವರು ಇಂಗ್ಲಿಷಿನಲ್ಲೇ, ನನಗೆ ತಿಳಿಯುವಷ್ಟು ನಿಧಾನವಾಗಿ ಹೇಳಿದ್ದು ಇದು. ಮಳೆಗಾಲದ ಆ ನಾಲ್ಕು ತಿಂಗಳು ಅಜ್ಜಿ ಒಂದು ನೇಮ ಹಿಡಿಯುತ್ತಾರೆ. ಹೊರಗಿನವರೊಬ್ಬರಿಗೆ ಉಣಬಡಿಸದೆ ತಾವು ಉಣ್ಣುವುದಿಲ್ಲ. ಆಳುಗಳು ಅವರ ಪಾಲಿಗೆ ಮನೆಯವರೇ, ಸಲ್ಲುವುದಿಲ್ಲ. ಒಮ್ಮೆ ಮಾತ್ರ ಕೇಳಬೇಕು, ಒತ್ತಾಯ ಮಾಡಬಾರದು. ನೇಮದ ವಿಷಯ ತಿಳಿದು ಕನಿಕರದಿಂದ ಬಂದು ಉಂಡರೆ ಅದೂ ಸಲ್ಲುವುದಿಲ್ಲ. ಅದಕ್ಕೇ ಯಾರಿಗೂ ಹೇಳಬಾರದು. ಬಹಳ ವರ್ಷಗಳಿಂದ ನಡೆದುಕೊಂಡು ಬಂದದ್ದು. ಆಗೆಲ್ಲ ತೀರ್ಥಹಳ್ಳಿ ಕಡೆಯಿಂದ ಸಾಗರದ ಕಡೆ ಹೋಗುವವರು ಇದೇ ದಾರಿಯಲ್ಲಿ ನಡೆದು ಬರುತ್ತಿದ್ದರು, ಈ ಜಗಲಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದರು. ‘ಪೀಪಲ್ ಯೂಸ್ಡ್ ಟು ಕಮ್’ ಎಂದರು. ಬರುತ್ತಿದ್ದರು, ಈಗ ಬರುವುದಿಲ್ಲ, ಎರಡೂ ಅದರಲ್ಲೇ ಇತ್ತು. ಬಸ್ಸು ಬಂದ ಮೇಲೆ ಎಲ್ಲರೂ ಬಸ್ಸು ಹತ್ತಿದರು. ಅಪರೂಪಕ್ಕೆ ಒಬ್ಬ ಅಂಚೆಯವನೋ ಬಳೆ ಮಾರುವವನೋ ಬಂದ ದಿನ ಅಜ್ಜಿ ಉಣ್ಣುತ್ತಾರೆ. ಉಳಿದ ದಿನ ನೀರು.

‘ಯಾಕೆ ಮೊದಲೇ ಹೇಳಲಿಲ್ಲ ಸರ್?’ ಅದನ್ನು ಇಂಗ್ಲಿಷಿನಲ್ಲಿ ಕೇಳಲು ನನಗೆ ಬರಲಿಲ್ಲ, ಪಿಸುಮಾತಿನಲ್ಲಿ ಕನ್ನಡದಲ್ಲೇ ಕೇಳಿದೆ.

‘ಐ ಹ್ಯಾವ್ ಬೀನ್ ಟೆಲ್ಲಿಂಗ್ ಯು’ ಎಂದರು. ಅವರ ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತೋ ಗಾಜಿನ ಮೇಲೆ ಬೆಳಕು ಬಿದ್ದಿತ್ತೋ ಹೇಳಲಾರೆ.

ಹೇಳುತ್ತಲೇ ಬಂದಿದ್ದರು. ತಮ್ಮ ಅಕ್ಕನಿಗೆ ಕೊಟ್ಟ ಮಾತು ಮೀರದೆ, ಅಕ್ಕನಿಗೆ ಬಾರದ ಭಾಷೆಯಲ್ಲಿ, ದಿನವೂ.

ನನ್ನ ಅಕ್ಕನ ಮನೆಗೆ ಬಂದವಳು ಎಲ್ಲವನ್ನೂ ಹೇಳಿದೆ. ಅಕ್ಕ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದಳು. ದಾರ ಕಚ್ಚಿಕೊಂಡೇ ಕೇಳಿದಳು.

‘ಅಲ್ವೇ, ಎಂಥ ನೇಮವೇ ಅದು! ಉಣ್ಣೋಕೂ ಇನ್ನೊಬ್ಬರ ಹೊಟ್ಟೆ ಕೇಳ್ಬೇಕಾ?’

‘ಅವ್ವ ಉಣ್ಬೇಡ ಅಂದಿದಾಳೆ.’

‘ಅವ್ವ ಅಂದಿದ್ದು ಅವರು ಹಾಕಿದ್ರು ಅಂತ ಬಾಯಿ ಬಿಡಬೇಡ ಅಂತ. ಇಲ್ಲಿ ಬಾಯಿ ಬಿಡೋಳು ನೀನಲ್ಲ, ಆ ಮುದುಕಿ. ಪಾಪ, ಬಾಯಿ ಬಿಡೂದೂ ಇಲ್ಲ.’ ದಾರ ಕಡಿದು ಬ್ಲೌಸು ಮಡಿಸಿಟ್ಟಳು. ‘ನಾಳೆ ಇಲ್ಲಿ ನಿನಗೆ ಅನ್ನ ಇಲ್ಲ, ಹೋಗು. ಆದ್ರೆ ನೋಡು, ಜಗಲಿ ಕೆಳಗೆ ಎಲೆ ಹಾಕಿದ್ರೆ ಎದ್ದು ಬಂದ್ಬಿಡು. ಅಪ್ಪ ಕೂತಲ್ಲಿ ನೀ ಕೂರೂದು ಬೇಡ. ಅವರ ನೇಮ ಅವರಿಗೆ, ನಮ್ಮ ನೇಮ ನಮಗೆ.’

ಮರುದಿನ ಖಾಲಿ ಹೊಟ್ಟೆಯಲ್ಲಿ ಹೋದೆ. ಗುನುಗು ನಿಂತಿತು. ಅಜ್ಜಿ ಹೊಸಿಲಿಗೆ ಬಂದರು. ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

‘ಊಟ ಆಯ್ತಾ ಮಗಾ?’

‘ಇಲ್ಲ ಅಜ್ಜಿ.’

ಅವರು ತಲೆಯಾಡಿಸಿ ತಿರುಗಿದವರು ಅರ್ಧಕ್ಕೇ ನಿಂತರು. ಕೇಳಿದ್ದು ಸರಿಯೋ ಎಂಬಂತೆ ನನ್ನನ್ನು ನೋಡಿದರು.

‘ಇಲ್ವಾ? ಯಾಕೆ?’

ಆ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ‘ಅಕ್ಕ ಅನ್ನ ಇಲ್ಲ ಅಂದ್ಲು’ ಎಂದುಬಿಟ್ಟೆ. ಅದೂ ಸುಳ್ಳಲ್ಲ.

‘ಅಯ್ಯೋ, ಎಂಥ ಅಕ್ಕನೇ ನಿನ್ನವಳು!’ ಎಂದರು ಅಜ್ಜಿ. ದನಿಯಲ್ಲಿ ಬೈಗುಳವಿತ್ತು, ಮುಖ ಅರಳುತ್ತಿತ್ತು. ಮೇಷ್ಟ್ರು ಕೆಮ್ಮಿದರು.

ಒಳಗೆ ಎಲೆ ತೊಳೆಯುವ ಸದ್ದು. ಆ ಎಲೆ ಎಲ್ಲಿಗೆ ಬರುತ್ತದೆ ಎಂದು ಕಾಯುತ್ತ ನಾನು ಜಗಲಿಯ ಮೆಟ್ಟಿಲನ್ನೇ ನೋಡುತ್ತಿದ್ದೆ. ಎದ್ದು ಹೋದರೆ ಅವರಿಗೆ ಇವತ್ತೂ ಇಲ್ಲ. ಕೂತರೆ ಅವ್ವನಿಗೆ ಮುಖ ತೋರಿಸುವುದು ಹೇಗೆ? ಅಷ್ಟರಲ್ಲಿ ಅಜ್ಜಿ ತಂಬಿಗೆಯಲ್ಲಿ ನೀರು ತಂದರು. ನನ್ನ ಕೈಗೆ ಕೊಡದೆ, ಬಗ್ಗಿ, ನನ್ನ ಕಾಲಿನ ಮೇಲೆ ತಾವೇ ಹೊಯ್ದರು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

‘ಅಲ್ಲಾಡಬೇಡ, ನೀರು ಚೆಲ್ಲುತ್ತೆ. ಬಾ ಒಳಗೆ. ನಡುಮನೇಲಿ ಹಾಕಿದೀನಿ.’

ಹೊಸಿಲು ದಾಟಿದೆ. ಒಳಗೆ ತಂಪಾಗಿತ್ತು, ಮಬ್ಬಾಗಿತ್ತು. ಜಗಲಿಯಿಂದ ಕಾಣುತ್ತಿದ್ದ ಹೊಳಪು ಒಂದು ಹಂಡೆಯದು. ಇಷ್ಟೇನಾ ಎನ್ನಿಸಿತು. ಹೆಸರುಬೇಳೆಯ ಸಾರು, ಸೌತೆಕಾಯಿ ಹುಳಿ, ಮಜ್ಜಿಗೆ. ಈರುಳ್ಳಿಯಿಲ್ಲದ, ಗಡ್ಡೆಯಿಲ್ಲದ, ಎಷ್ಟೋ ಹೊತ್ತಿನಿಂದ ಕಾದು ಆರಿದ ಊಟ. ನಾನು ಉಂಡು ಕೈ ತೊಳೆದು ಬರುವಷ್ಟರಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಉಣ್ಣತೊಡಗಿದ್ದರು. ಆತುರವಿರಲಿಲ್ಲ. ಒಂದೊಂದು ಅಗುಳನ್ನೂ ಅಗಿದು ನುಂಗುತ್ತಿದ್ದರು. ನಾನು ಜಗಲಿಗೆ ಬಂದು ಕೂತೆ. ‘ಶೀ ಹ್ಯಾಸ್...’ ಎಂದು ಮೇಷ್ಟ್ರು ಶುರು ಮಾಡಿದವರು ಮುಂದುವರಿಸಲಿಲ್ಲ.

ಅಂದಿನಿಂದ ದಿನವೂ ಹಸಿದು ಹೋದೆ. ದಿನವೂ ಅಜ್ಜಿ ಅಕ್ಕನನ್ನು ಬೈಯುತ್ತಿದ್ದರು, ಅಕ್ಕ ಅದನ್ನು ಕೇಳಿ ನಗುತ್ತಿದ್ದಳು. ‘ನನ್ನ ಹೆಸರು ಕೆಡಿಸಿ ಪಾಸಾಗು ನೀನು’ ಎನ್ನುತ್ತಿದ್ದಳು. ಅಜ್ಜಿಯ ಕೈ ನಡುಗುವುದು ಕಡಿಮೆಯಾಯಿತು.

ಉಳಿದದ್ದು ಪರೀಕ್ಷೆಯ ದಿನ. ಆ ದಿನ ನಾನು ಸಾಗರದಲ್ಲಿರುತ್ತೇನೆ. ‘ಏನಾದರೂ ಮಾಡ್ತೀನಿ’ ಎಂದರು ಮೇಷ್ಟ್ರು. ಅವರು ಏನೂ ಮಾಡಲಾರರೆಂದು ಇಬ್ಬರಿಗೂ ಗೊತ್ತಿತ್ತು. ಕರೆದು ತಂದವರು ಅಜ್ಜಿಗೆ ಸಲ್ಲುವುದಿಲ್ಲ. ಹಿಂದಿನ ದಿನ ನಾನೇ ಅಜ್ಜಿಗೆ ಹೇಳಿದೆ, ‘ನಾಳೆ ಪರೀಕ್ಷೆ ಅಜ್ಜಿ. ಮುಗಿಸಿ ಇಲ್ಲಿಗೇ ಬಂದು ಹೋಗ್ತೀನಿ.’

‘ಬಾ. ಹೇಗೆ ಬರೆದೆ ಅಂತ ಹೇಳಿ ಹೋಗು’ ಎಂದರು. ಅಷ್ಟೇ.

ಸಾಗರದ ಶಾಲೆಯ ಬೆಂಚಿನ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು. ಪ್ರಶ್ನೆಗಳಲ್ಲಿ ಹೆಚ್ಚಿನವು ಮರೆತಿವೆ. ಖಾಲಿ ಬಿಟ್ಟ ಜಾಗದಲ್ಲಿ ಸರಿಯಾದ ಕ್ರಿಯಾಪದ ತುಂಬಿ ಎಂದಿದ್ದಲ್ಲಿ ನಾನು ಕಣ್ಣು ಮುಚ್ಚಿ, ಜಗಲಿಯೋ ನಡುಮನೆಯೋ ಒಳಕೋಣೆಯೋ ಎಂದು ನಡೆದು ನಡೆದು ಬರೆದೆ. ನಡುನಡುವೆ ಕಣ್ಣು ತೆರೆದು ಬಿಸಿಲು ಎಲ್ಲಿಗೆ ಸರಿದಿದೆ ನೋಡುತ್ತಿದ್ದೆ. ಅದು ಬೆಂಚಿನಿಂದ ಇಳಿದು ನೆಲಕ್ಕೆ ಹೋಗಿತ್ತು.

ತೀರ್ಥಹಳ್ಳಿಗೆ ಹೋಗುವ ಬಸ್ಸು ಆನಂದಪುರದಲ್ಲಿ ನಿಂತದ್ದು ಹೊರಡಲೇ ಇಲ್ಲ. ಡ್ರೈವರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ. ನಾನು ಇಳಿದು ಕಂಡಕ್ಟರನ ಹತ್ತಿರ ಹೋದೆ.

‘ಬೇಗ ಹೊರಡ್ತೀರಾ ಅಣ್ಣ? ಹೊತ್ತು ಮುಳುಗೋದ್ರೊಳಗೆ ಹೋಗ್ಬೇಕು.’

‘ಎಂಥದ್ದು ತಂಗಿ ಅವಸರ, ದಿಬ್ಬಣಕ್ಕಾ?’

‘ಊಟಕ್ಕೆ.’

ಸುತ್ತ ನಿಂತವರೆಲ್ಲ ನಕ್ಕರು. ‘ಓಯ್, ಕಾಫಿ ಲೋಟ ಬಿಡು ಮಾರಾಯ!’ ಎಂದು ಕಂಡಕ್ಟರು ಡ್ರೈವರನಿಗೆ ಕೂಗಿದ. ‘ಇಲ್ಲಿ ಒಬ್ಬಳು ಹಸಿದು ಸಾಯ್ತಿದಾಳೆ!’

ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವನೂ ನಗು ನಿಲ್ಲಿಸಿದ. ಬಸ್ಸು ಹೊರಟಿತು. ಸೂರ್ಯ ಮರಗಳ ಹಿಂದೆ ನಮ್ಮ ಜೊತೆಗೇ ಓಡುತ್ತಿದ್ದ, ಕಾಡು ಬಂದಲ್ಲಿ ಇಲ್ಲವಾಗಿ, ಗದ್ದೆ ಬಂದಲ್ಲಿ ಮತ್ತೆ ಕಂಡು, ಪ್ರತಿ ಸಲ ಇನ್ನಷ್ಟು ಕೆಳಗೆ. ರಿಪ್ಪನ್‌ಪೇಟೆ ದಾಟಿದ ಮೇಲೆ, ಸ್ಟಾಪ್ ಇಲ್ಲದ ಕಡೆ, ಗದ್ದೆಯ ದಾರಿ ರಸ್ತೆಗೆ ಸೇರುವಲ್ಲಿ ಡ್ರೈವರು ನಿಲ್ಲಿಸಿಕೊಟ್ಟ. ‘ಚೆನ್ನಾಗಿ ಉಣ್ಣವ್ವಾ!’ ಎಂದು ಹಿಂದಿನಿಂದ ಯಾರೋ ಕೂಗಿದರು.

ದಣಪೆಯ ಅಡ್ಡ ಸರಿಸುವಾಗ ಬಣವೆ ನೋಡಿದೆ. ತುದಿಯಲ್ಲಿ ಬಿಸಿಲಿತ್ತು. ಒಂದು ಹಿಡಿಯೂ ಅಲ್ಲ, ಹುಲ್ಲಿನ ಕೆಲವು ಕಡ್ಡಿಗಳ ಮೇಲೆ.

ಅಜ್ಜಿ ಹೊಸಿಲಿನಲ್ಲಿ ನಿಂತಿದ್ದರು. ಕೈಯಲ್ಲಿ ತಂಬಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ ನಾನು ಕಾಣೆ.

‘ಊಟ ಆಯ್ತಾ ಮಗಾ?’

‘ಇಲ್ಲ ಅಜ್ಜಿ.’

ಎಲೆ ಹಾಕಿಯೇ ಇತ್ತು. ಕೂತೆ. ಬಡಿಸಿದರು. ಒಂದು ತುತ್ತು ಬಾಯಿಗಿಟ್ಟು, ನುಂಗಿ, ಎಲೆಯ ಮುಂದೆ ಕೈ ಎತ್ತಿದೆ.

‘ಆಯ್ತು ಅಜ್ಜಿ. ನಂದು ಆಯ್ತು.’

ಅವರು ತುಂಬಿದ ಎಲೆಯನ್ನು ನೋಡಿದರು. ನನ್ನನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತೋ, ಮೊದಲಿಂದಲೇ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ಇಷ್ಟು ವರ್ಷ ಯೋಚಿಸಿಯೂ ನಾನು ಖಚಿತವಾಗಿ ಹೇಳಲಾರೆ.

‘ಒಂದು ತುತ್ತಿಗೇ ಆಯ್ತಾ?’

‘ಆಯ್ತು.’

ಮತ್ತೊಮ್ಮೆ ಕೇಳಲಿಲ್ಲ. ಬಾಗಿಲಿನಾಚೆ ಬೆಳಕು ನೋಡಿ, ಗೋಡೆಯ ಕಡೆ ತಿರುಗಿ ಕೂತರು. ಅಂಗಳ ಕಾಣದಿದ್ದರೂ ಬಾಗಿಲಿನಿಂದ ಕಾಣುವ ಬಣವೆಯ ತುದಿಯನ್ನೂ ಅವರ ಕೈಯನ್ನೂ ನಾನು ಒಂದಾದ ಮೇಲೊಂದು ನೋಡುತ್ತಿದ್ದೆ. ತುತ್ತು ಹೋಯಿತು. ಮತ್ತೊಂದು. ಜಗಲಿಯಿಂದ ಮೇಷ್ಟ್ರ ದನಿ ಕೇಳಿತು, ಯಾರಿಗೂ ಹೇಳಿದ್ದಲ್ಲ, ತಮಗೆ ತಾವೇ, ನನಗೆ ಎಂದೂ ಪಾಠ ಮಾಡದ ಕಾಲದಲ್ಲಿ: ‘ಶೀ ಈಸ್ ಈಟಿಂಗ್.’

ಕಡ್ಡಿಗಳ ಮೇಲಿನ ಬಿಸಿಲು ಆರುವುದಕ್ಕೂ ಅಜ್ಜಿ ಕೈ ತೊಳೆಯುವುದಕ್ಕೂ ಸರಿಹೋಯಿತು. ಅವರು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಇನ್ನೂ ಎಲೆಯ ಮುಂದೆಯೇ ಕೂತಿದ್ದ ನನ್ನನ್ನು ನೋಡಿದರು.

‘ಈಗ ಉಣ್ಣು. ನಿನಗೇನು ಹೊತ್ತಿನ ಕಟ್ಟುಪಾಡಿಲ್ಲವಲ್ಲ. ಹುಳ ಬಂದು ಬೀಳದ ಹಾಗೆ ದೀಪ ದೂರ ಇಡ್ತೀನಿ. ಹೇಗೆ ಬರೆದೆ, ಅದನ್ನ ಹೇಳು ಮೊದಲು.’

ಕತ್ತಲಾದ ಮೇಲೆ ಯಾರೂ ಉಣ್ಣದ ಆ ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲ ಹತ್ತಿರ ಇಟ್ಟ ದೀಪದ ಅಷ್ಟಿಷ್ಟು ಬೆಳಕಿನಲ್ಲಿ, ಎಲೆಯ ಮೇಲಿನ ಅನ್ನವನ್ನು ಕೈಯಿಂದಲೇ ಹುಡುಕಿಕೊಳ್ಳುತ್ತ ನಾನು ಉಂಡೆ. ಅಜ್ಜಿ ಎದುರಿಗೆ ಕೂತು ಕೇಳುತ್ತಿದ್ದರು. ಬರೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.